ಮೂವತ್ತಮೂರು ದಿನ ಮೊದಲೇ

ನಗದಪ್ಪ ಮುಖ್ಯ ರಸ್ತೆಗೆ ಕಾಲಿಡದೆ ಎಂಟು ತಿಂಗಳಾಗಿತ್ತು. ಮನೆಯಿಂದ ಅಂಗಡಿಗೆ ಆ ರಸ್ತೆಯಲ್ಲಿ ಹೋದರೆ ಆರುನೂರು ಹೆಜ್ಜೆ, ಹಿಂದಿನ ಗಲ್ಲಿ ಸುತ್ತಿ ಹೋದರೆ ಸಾವಿರದ ನೂರು. ಎರಡೂ ಮಂಡಿ ಸವೆದ ಎಪ್ಪತ್ತೊಂದು ವರ್ಷದ ಮನುಷ್ಯ ದಿನವೂ ಐನೂರು ಹೆಜ್ಜೆ ಹೆಚ್ಚು ನಡೆಯುವುದಕ್ಕೆ ಕಾರಣ ಒಂದೇ ಒಂದು. ಮುಖ್ಯ ರಸ್ತೆಯ ನಡುವೆ ಸಗಟು ವ್ಯಾಪಾರಿ ಧಣಿಯ ಗೋದಾಮು ಇತ್ತು. ಆ ಗೋದಾಮಿನ ಪುಸ್ತಕದಲ್ಲಿ ನಗದಪ್ಪನ ಅಂಗಡಿಯ ಹೆಸರಿನಲ್ಲಿ ಬಾಕಿ ಇತ್ತು.

ನಗದಪ್ಪ ಎಂಬುದು ಮಾರುಕಟ್ಟೆಯವರು ಇಟ್ಟ ಹೆಸರು. ನಲವತ್ತಮೂರು ವರ್ಷ ಆತ ದರ್ಜಿಗಳಿಗೆ ಬೇಕಾದ ಸಾಮಾನಿನ ಅಂಗಡಿ ನಡೆಸಿದ್ದ. ಗುಂಡಿ, ಜಿಪ್ಪು, ದಾರ, ಹುಕ್ಕು, ಎಲಾಸ್ಟಿಕ್, ಗುರುತು ಹಾಕುವ ಸೀಮೆಸುಣ್ಣ. ಹನ್ನೆರಡು ಅಡಿ ಅಗಲದ ಆ ಮಳಿಗೆಗೆ ಬಂದ ಒಂದೊಂದು ಗುಂಡಿಗೂ ಆತ ಆ ಕ್ಷಣವೇ ಹಣ ಎಣಿಸಿ ಕೊಟ್ಟಿದ್ದ. ನಗದು ಕೊಟ್ಟವರಿಗೆ ಧಣಿ ನೂರಕ್ಕೆ ಎರಡು ಬಿಡುತ್ತಿದ್ದ. ಆ ಎರಡನ್ನು ನಗದಪ್ಪ ಪದಕದ ಹಾಗೆ ಎದೆಗೆ ಹಚ್ಚಿಕೊಂಡಿದ್ದ. ಆದರೆ ಕೈಯಲ್ಲಿದ್ದ ಹಣಕ್ಕೆ ತಕ್ಕಷ್ಟೇ ಸಾಮಾನು ಬರುತ್ತಿತ್ತು. ಕಪಾಟಿನಲ್ಲಿ ಅರ್ಧ ಗೂಡು ಖಾಲಿ. ಕೆಂಪು ಜಿಪ್ಪು ಕೇಳಿದರೆ ಕಪ್ಪು ಇದೆ, ಎಂಟಿಂಚು ಕೇಳಿದರೆ ಆರಿಂಚು ಇದೆ. ಗಿರಾಕಿಗಳು ಮರ್ಯಾದೆಯಿಂದಲೇ ಬೇರೆ ಅಂಗಡಿಗೆ ಹೋಗುತ್ತಿದ್ದರು.

ಕಳೆದ ವರ್ಷ ಪಕ್ಕದ ಬೀದಿಯ ಮೊಬೈಲ್ ಅಂಗಡಿಯವನು ಬಂದು ಮಳಿಗೆ ಬಾಡಿಗೆಗೆ ಕೇಳಿದ. ತಿಂಗಳಿಗೆ ಹದಿನೈದು ಸಾವಿರ. ನಗದಪ್ಪನ ವ್ಯಾಪಾರ ಆಗ ತಿಂಗಳಿಗೆ ಅರವತ್ತು ಸಾವಿರ, ಖರ್ಚು ಕಳೆದು ಉಳಿಯುತ್ತಿದ್ದದ್ದು ಒಂಬತ್ತು ಸಾವಿರ. ಲೆಕ್ಕ ಬರುವ ಯಾರಿಗಾದರೂ ಉತ್ತರ ಗೊತ್ತಿತ್ತು. ಆಗ ಸೊಸೆ ಒಂದು ವರ್ಷ ತನಗೆ ಬಿಟ್ಟುಕೊಡಿ ಎಂದಳು. ಆಕೆ ಒಂಬತ್ತು ವರ್ಷ ಆಸ್ಪತ್ರೆಯೊಂದರ ಬಿಲ್ ಕೌಂಟರಿನಲ್ಲಿ ಕೂತವಳು. ಯಾರ ಕಣ್ಣೀರಿಗೂ ಕೂಡಿಸುವುದರಲ್ಲಿ ತಪ್ಪಿದವಳಲ್ಲ. ಗಂಡ ರೈಲಿನ ಗಾರ್ಡು, ವಾರದಲ್ಲಿ ನಾಲ್ಕು ದಿನ ಊರಿನಲ್ಲಿ ಇರುತ್ತಿರಲಿಲ್ಲ. ನಗದಪ್ಪ ಒಪ್ಪಿದ, ಆದರೆ ಮೊಬೈಲಿನವನ ಎದುರಿಗೇ ಒಂದು ಷರತ್ತು ಹಾಕಿದ. ವರ್ಷದ ಲಾಭ ವರ್ಷದ ಬಾಡಿಗೆಯನ್ನು, ಅಂದರೆ ಒಂದು ಲಕ್ಷ ಎಂಬತ್ತು ಸಾವಿರವನ್ನು ದಾಟಬೇಕು. ದಾಟದಿದ್ದರೆ ಒಂದನೇ ತಾರೀಕು ಬೀಗದ ಕೈ ಮೊಬೈಲಿನವನಿಗೆ.

ಮೂರು ತಿಂಗಳು ಸೊಸೆ ಮಾವನ ದಾರಿಯಲ್ಲೇ ನಡೆದಳು. ತಿಂಗಳಿಗೆ ಅದೇ ಒಂಬತ್ತು ಸಾವಿರ. ನಾಲ್ಕನೇ ತಿಂಗಳು ಧಣಿಯ ಗೋದಾಮಿಗೆ ಹೋಗಿ ನಲವತ್ತೈದು ದಿನದ ಉದ್ರಿಗೆ ಸಹಿ ಹಾಕಿ ಬಂದಳು. ಸಾಮಾನು ಇವತ್ತು, ಹಣ ನಲವತ್ತೈದು ದಿನ ಬಿಟ್ಟು.

ಮೂರು ಗಾಡಿ ಸಾಮಾನು ಬಂತು. ಖಾಲಿ ಗೂಡುಗಳೆಲ್ಲ ತುಂಬಿದವು. ತುಂಬಿದ ಮೇಲೆ ಉಳಿದದ್ದನ್ನು ಸೂರಿನಿಂದ ತೂಗು ಹಾಕಿದರು. ಇಪ್ಪತ್ತೆರಡು ಬಣ್ಣದ ಜಿಪ್ಪುಗಳು ನೇತಾಡುತ್ತಿದ್ದವು. ನಲವತ್ತು ಬಗೆಯ ಲೇಸುಗಳನ್ನು ನೋಡಲು ದರ್ಜಿಗಳು ಮಕ್ಕಳನ್ನು ಕರೆದುಕೊಂಡು ಬಂದರು. ಒಂದು ಗುಂಡಿಗೆ ಬಂದವಳು ಒಂದು ಚೀಲ ಸಾಮಾನು ಹೊತ್ತು ಹೋದಳು. ನೂರಕ್ಕೆ ಎರಡರ ರಿಯಾಯಿತಿ ಹೋಯಿತು, ಲಾಭದ ಪ್ರಮಾಣ ನೂರಕ್ಕೆ ಇಪ್ಪತ್ತೆರಡರಿಂದ ಇಪ್ಪತ್ತಕ್ಕೆ ಇಳಿಯಿತು. ವ್ಯಾಪಾರ ಮಾತ್ರ ಅರವತ್ತರಿಂದ ಒಂದು ಲಕ್ಷ ಇಪ್ಪತ್ತು ಸಾವಿರಕ್ಕೆ ಹಾರಿತು. ಖರ್ಚೂ ಎರಡರಷ್ಟಾಯಿತು. ಎಲ್ಲ ಕಳೆದು ತಿಂಗಳಿಗೆ ಸರಾಸರಿ ಹದಿನೈದು ಸಾವಿರ ಉಳಿಯಿತು. ಸೊಸೆ ಮೆಟ್ಟಿಲೇಣಿ ಹತ್ತಿ ಇಳಿದು, ಹತ್ತಿ ಇಳಿದು, ಅಂಗಡಿಯಲ್ಲಿ ನಡೆಯುವುದನ್ನೇ ಮರೆತಳು.

ಕಷ್ಟವಾದದ್ದು ನಗದಪ್ಪನಿಗೆ. ಮಾರುಕಟ್ಟೆಯ ಹಳೆಯ ಗೆಳೆಯನೊಬ್ಬ ಟೀ ಅಂಗಡಿಯಲ್ಲಿ ಎಲ್ಲರ ಮುಂದೆ ಆತನನ್ನು "ಬನ್ನಿ ಉದ್ರಿಯಪ್ಪನೋರೆ" ಎಂದು ಕರೆದ. ಅವತ್ತಿನಿಂದ ಹಿಂದಿನ ಗಲ್ಲಿ. ಇನ್ನೊಬ್ಬರ ಸಾಮಾನು ತನ್ನ ಕಪಾಟಿನಲ್ಲಿ ನೇತಾಡುತ್ತಿದೆ ಎಂದು ಆತನಿಗೆ ನಿದ್ದೆ ಬರಲಿಲ್ಲ. ಅತ್ತೆ, ಅಂದರೆ ನಗದಪ್ಪನ ಹೆಂಡತಿ, ಗಂಡ ಮಗ್ಗುಲು ಬದಲಿಸುವುದನ್ನು ಎಣಿಸಿ ಬೆಳಿಗ್ಗೆ ಸೊಸೆಗೆ ವರದಿ ಕೊಡುತ್ತಿದ್ದಳು. ಬಿಲ್ಲಿನ ಗಡುವು ಹತ್ತಿರ ಬಂದ ಹಾಗೆ ಎಣಿಕೆ ಏರುತ್ತಿತ್ತು, ಸೊಸೆ ಹಣ ಕಟ್ಟಿದ ದಿನ ಇಳಿಯುತ್ತಿತ್ತು. ಉದ್ರಿಯ ಲೆಕ್ಕ ನಡೆಯುತ್ತಿದೆಯೋ ಇಲ್ಲವೋ ಎಂದು ತಿಳಿಯಲು ಪುಸ್ತಕ ಬೇಕಾಗಿಲ್ಲ, ಹಾಸಿಗೆ ಸಾಕು ಎಂದು ಅತ್ತೆ ಹೇಳುತ್ತಿದ್ದಳು.

ಹನ್ನೊಂದು ತಿಂಗಳು ಮುಗಿದಾಗ ಲಾಭ ಒಂದು ಲಕ್ಷ ನಲವತ್ತೇಳು ಸಾವಿರ. ಕೊನೆಯ ತಿಂಗಳು ಮಾಮೂಲಿ ಹದಿನೈದು ಬಂದರೂ ಒಂದು ಲಕ್ಷ ಅರವತ್ತೆರಡು. ಹದಿನೆಂಟು ಸಾವಿರ ಕಡಿಮೆ ಬೀಳುತ್ತಿತ್ತು.

ಸರಿಯಾಗಿ ಆ ಹೊತ್ತಿಗೆ ಹದಿನಾಲ್ಕು ದರ್ಜಿಗಳ ಷೆಡ್ಡು ನಡೆಸುವ ದರ್ಜಿ ಅಕ್ಕ ಬಂದಳು. ನಾಲ್ಕು ಶಾಲೆಗಳ ಸಮವಸ್ತ್ರ ಹೊಲಿಯುವ ಕೆಲಸ ಆಕೆಗೆ ಸಿಕ್ಕಿತ್ತು. ಇಪ್ಪತ್ತನಾಲ್ಕು ಸಾವಿರ ಗುಂಡಿ, ಮೂರು ಸಾವಿರ ಜಿಪ್ಪು, ಅದಕ್ಕೆ ತಕ್ಕ ಹುಕ್ಕು, ಎಲ್ಲವೂ ಶಾಲೆಯ ಬಟ್ಟೆಯ ಬಣ್ಣಕ್ಕೇ ಹೊಂದಬೇಕು. ಒಂದು ಲಕ್ಷ ಇಪ್ಪತ್ತೈದು ಸಾವಿರದ ಸಾಮಾನು, ಶಾಲೆಗಳು ಮುಂಗಡ ಕೊಟ್ಟಿದ್ದರಿಂದ ಸಾಮಾನು ಕೈಗೆ ಬಂದ ಕೂಡಲೇ ಹಣ. ಶನಿವಾರದೊಳಗೆ ಬರಬೇಕು, ಬರದಿದ್ದರೆ ತಾನು ದೊಡ್ಡ ಪೇಟೆಗೆ ಹೋಗುತ್ತೇನೆ, ಬೇಜಾರು ಮಾಡಿಕೊಳ್ಳಬೇಡ ಎಂದು ದರ್ಜಿ ಅಕ್ಕ ಮೊದಲೇ ಹೇಳಿಬಿಟ್ಟಳು.

ಬಣ್ಣ ಹಾಕಿಸಿದ ಗುಂಡಿ ಕೊಡುವುದು ಗುಂಡಿ ಕಾರ್ಖಾನೆ ಮಾತ್ರ. ಅಲ್ಲಿ ಉದ್ರಿ ಎಂಬ ಮಾತು ತೆಗೆಯುವ ಹಾಗಿಲ್ಲ. ಒಂದು ಲಕ್ಷ ಒಂದು ಸಾವಿರ ಎಣಿಸಿ ಕೊಟ್ಟರೆ ಸಾಮಾನು ಹೊರಡುತ್ತದೆ. ಉಳಿಯುವುದು ಇಪ್ಪತ್ತನಾಲ್ಕು ಸಾವಿರ. ಹದಿನೆಂಟರ ಹಳ್ಳ ತುಂಬಿ ಮೇಲೆ ಆರು ಸಾವಿರ.

ಸೊಸೆಯ ಬಳಿ ಅಷ್ಟು ಹಣ ಇತ್ತು. ಇದ್ದದ್ದೇ ಉದ್ರಿಯಿಂದ. ಧಣಿಯ ತೊಂಬತ್ತೆಂಟು ಸಾವಿರದ ನಾನೂರರ ಸಾಮಾನು ಬಂದು ಹನ್ನೆರಡು ದಿನವಾಗಿತ್ತು. ಅದರಲ್ಲೂ ಅದಕ್ಕಿಂತ ಹಿಂದೆ ಬಂದದ್ದರಲ್ಲೂ ಮಾರಾಟವಾದದ್ದರ ಹಣ ಬ್ಯಾಂಕಿನಲ್ಲಿ ಸೇರಿತ್ತು. ಧಣಿಗೆ ಕೊಡಲು ಇನ್ನೂ ಮೂವತ್ತಮೂರು ದಿನ. ಅಷ್ಟರಲ್ಲಿ ಅದೇ ಹಣ ಕಾರ್ಖಾನೆಗೆ ಹೋಗಿ, ಗುಂಡಿಯಾಗಿ, ದರ್ಜಿ ಅಕ್ಕನ ಷೆಡ್ಡಿಗೆ ಹೋಗಿ, ಮತ್ತೆ ಹಣವಾಗಿ, ಮೈ ತುಂಬಿಕೊಂಡು ವಾಪಸು ಬರಬಹುದಿತ್ತು. ಸೋಮವಾರ ಒಂದು ಲಕ್ಷ ನಾಲ್ಕು ಸಾವಿರ ತೆಗೆದು ತಂದು ಮನೆಯ ಕಬ್ಬಿಣದ ಕಪಾಟಿನಲ್ಲಿ ಇಟ್ಟಳು. ಗಡುವು ಮರೆಯದಿರಲೆಂದು ಧಣಿಯ ಬಿಲ್ಲನ್ನು ಮಾಮೂಲಿನಂತೆ ಹಣದ ಕೆಳಗೇ ಇಟ್ಟಳು. ಕಾರ್ಖಾನೆಗೆ ಹಣ ಕೊಡಬೇಕಾದದ್ದು ಗುರುವಾರ.

ಇದನ್ನೆಲ್ಲ ಅವಳು ಮಾವನಿಗೆ ಹೇಳಲಿಲ್ಲ. ಆ ಮನೆಯಲ್ಲಿ ಎಲ್ಲರೂ ಒಟ್ಟಿಗೆ ಕೂರುವುದು ಊಟಕ್ಕೆ ಮಾತ್ರ. ತಟ್ಟೆ ಮುಂದೆ ಹಣದ ಮಾತು ಎತ್ತಬಾರದು ಎಂಬುದು ನಲವತ್ತಮೂರು ವರ್ಷದ ನಿಯಮ, ಮಾಡಿದವನು ನಗದಪ್ಪನೇ.

ಮಂಗಳವಾರ ಮಧ್ಯಾಹ್ನ ಮಂಡಿಗೆ ಹಚ್ಚುವ ಮುಲಾಮು ಹುಡುಕುತ್ತ ನಗದಪ್ಪ ಕಪಾಟು ತೆರೆದ. ಹಣ ನೋಡಿದ. ಹಣದ ಕೆಳಗಿನ ಬಿಲ್ಲು ನೋಡಿದ. ಸೊಸೆ ಧಣಿಗೆ ಕೊಡಲೆಂದೇ ತಂದಿಟ್ಟಿದ್ದಾಳೆ, ಅಂಗಡಿ ಬಿಟ್ಟು ಹೋಗಲು ಬಿಡುವಿಲ್ಲ ಪಾಪ ಎಂದುಕೊಂಡ. ಹಣ ಮನೆಯಲ್ಲಿ ಇದ್ದೂ ಸಾಲ ಇಟ್ಟುಕೊಂಡು ಒಂದು ರಾತ್ರಿ ಮಲಗುವುದು ಆತನ ಲೆಕ್ಕದಲ್ಲಿ ಕಳ್ಳತನಕ್ಕೆ ಬಹಳ ದೂರ ಇರಲಿಲ್ಲ. ಮುಲಾಮು ಅಲ್ಲೇ ಉಳಿಯಿತು.

ಎಂಟು ತಿಂಗಳ ನಂತರ ನಗದಪ್ಪ ಮುಖ್ಯ ರಸ್ತೆಗೆ ಇಳಿದ. ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಚೀಲವನ್ನು ಎದೆಗೆ ಅವಚಿಕೊಂಡು, ರಸ್ತೆಯ ನಟ್ಟ ನಡುವೆ ನಡೆದ. ಹಾರ್ನ್ ಹೊಡೆದ ಇಬ್ಬರಿಗೆ ಕೈಯೆತ್ತಿ ಆರಾಮಾ ಎಂದು ಕೇಳಿದ. ಗೋದಾಮಿನಲ್ಲಿ ಧಣಿಯ ಮೇಜಿನ ಮೇಲೆ ಹಣ ಸುರಿದು, ಹದಿನೈದು ದಿನದೊಳಗೆ ಕೊಟ್ಟರೆ ನೂರಕ್ಕೆ ಎರಡು ಬಿಡುವ ಪದ್ಧತಿ ಇದೆಯಲ್ಲ, ಬಿಡಿ ಎಂದ. ಧಣಿ ಸಾವಿರದ ಒಂಬೈನೂರ ಅರವತ್ತೆಂಟು ಬಿಟ್ಟ. ನಗದಪ್ಪ ಅಷ್ಟಕ್ಕೆ ನಿಲ್ಲಲಿಲ್ಲ. ಪುಸ್ತಕ ತೆಗೆಸಿ, ತನ್ನ ಅಂಗಡಿಯ ಹಾಳೆಗೆ ಕೆಂಪು ಶಾಯಿಯಲ್ಲಿ ಅಡ್ಡಗೆರೆ ಎಳೆಸಿ, ಕೆಳಗೆ ಚುಕ್ತಾ ಎಂದು ಬರೆಸಿ, ನಮಗೂ ನಿಮಗೂ ಇನ್ನು ಲೆಕ್ಕ ಇಲ್ಲ ಎಂದು ಕೈಮುಗಿದು ಬಂದ. ಧಣಿ ಏನೋ ಹೇಳಲು ಬಾಯಿ ತೆರೆದದ್ದನ್ನು ಆತ ಗಮನಿಸಲಿಲ್ಲ.

ವಾಪಸು ಬರುವಾಗ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಟೀ ಅಂಗಡಿಯಲ್ಲಿ ಕೂತಿದ್ದ ಆರು ಜನರಿಗೂ ಟೀ ಹೇಳಿದ, ಉದ್ರಿಯಪ್ಪ ಎಂದು ಕರೆದವನಿಗೆ ಎರಡು. ತೂಕದ ಯಂತ್ರ ಇಟ್ಟುಕೊಂಡು ಕೂತವನ ಮುಂದೆ ನಿಂತು ತೂಕ ನೋಡಿಸಿಕೊಂಡ. ಹೋದ ತಿಂಗಳಿನಷ್ಟೇ ಇತ್ತು, ನಿನ್ನ ಯಂತ್ರ ಕೆಟ್ಟಿದೆ ಎಂದು ಅವನಿಗೆ ಹೇಳಿದ. ಮನೆಗೆ ಬಂದು ಮಂಡಿ ನೋವು ಮರೆತು ಎರಡೆರಡು ಮೆಟ್ಟಿಲು ಹತ್ತಿದ. ಯಾವುದೋ ಹಾಡಿನ ಮೊದಲ ಸಾಲನ್ನೇ ಹಿಂದುಮುಂದಾಗಿ ಹಾಡಿದ. ಅತ್ತೆ ಜ್ವರ ಬಂದಿದೆಯೇ ಎಂದು ಹಣೆ ಮುಟ್ಟಿ ನೋಡಿದಳು.

ಸಂಜೆ ಆರಕ್ಕೆ ಸೊಸೆ ಬಂದಳು. ನಗದಪ್ಪ ಬಾಗಿಲಲ್ಲೇ ರಸೀದಿಯನ್ನು ಬಹುಮಾನದ ಹಾಗೆ ಎರಡೂ ಕೈಯಲ್ಲಿ ಹಿಡಿದು ಕೊಟ್ಟ.

ಸೊಸೆ ಓದಿದಳು. ಕಪಾಟು ತೆರೆದಳು. ಉಳಿದಿದ್ದದ್ದು ಏಳು ಸಾವಿರದ ಐನೂರ ಅರವತ್ತೆಂಟು. ಎಣಿಸುವ ಅಗತ್ಯವಿರಲಿಲ್ಲ, ಆದರೂ ಎರಡು ಸಲ ಎಣಿಸಿದಳು, ಆಸ್ಪತ್ರೆಯ ಅಭ್ಯಾಸ. ಆಮೇಲೆ ನೆಲದ ಮೇಲೆ ಕೂತಳು.

"ಮಾವ," ಎಂದಳು, "ಮೂವತ್ತಮೂರು ದಿನ ಇತ್ತು."

"ಅದಕ್ಕೇ ಕೊಟ್ಟಿದ್ದು ಕಣಮ್ಮ. ಇನ್ನೂ ಮೂವತ್ತಮೂರು ದಿನ ಯಾಕೆ ಒದ್ದಾಡಬೇಕು?"

ಅವಳು ಗುಂಡಿ ಕಾರ್ಖಾನೆ, ಗುರುವಾರ, ಹದಿನೆಂಟು ಸಾವಿರ ಎಲ್ಲವನ್ನೂ ಹೇಳಿದಳು. ದನಿ ಏರಿಸಲಿಲ್ಲ. ಅಂಕಿಗಳನ್ನು ಒಂದರ ಕೆಳಗೊಂದು ಇಡುತ್ತ ಹೋದಳು. ಕೂಡಿಸುವ ಹೊತ್ತಿಗೆ ನಗದಪ್ಪನ ಮುಖ ಇಳಿದಿತ್ತು. ಹಾಗಾದರೆ ಷರತ್ತನ್ನೇ ಬಿಟ್ಟುಬಿಡೋಣ, ಮೊಬೈಲಿನವನಿಗೆ ಇಲ್ಲ ಎನ್ನುತ್ತೇನೆ ಎಂದ. ಅವನಿಗೆ ಮಾತು ಕೊಟ್ಟವರು ನೀವು, ನಾಳೆ ಅದಕ್ಕೂ ನಿಮಗೆ ನಿದ್ದೆ ಬರುವುದಿಲ್ಲ ಎಂದಳು ಅತ್ತೆ. ಸೊಸೆಯೂ ರಿಯಾಯಿತಿ ಬೇಡ ಎಂದಳು. ಗೆದ್ದರೆ ಲೆಕ್ಕದಲ್ಲಿ ಗೆಲ್ಲಬೇಕು, ಮಾವನ ದಯೆಯಲ್ಲಿ ನಡೆಯುವ ಅಂಗಡಿ ತನಗೆ ಬೇಡ.

ಊಟದ ಹೊತ್ತಿಗೆ ಮೂವರೂ ತಟ್ಟೆ ಮುಂದೆ ಕೂತು ಹಣದ ಮಾತನ್ನೇ ಆಡಿದರು. ನಿಯಮ ಮುರಿದದ್ದು ಯಾರಿಗೂ ಹೊಳೆಯಲಿಲ್ಲ. ಸೊಸೆ ಗಂಡನಿಗೆ ಫೋನ್ ಮಾಡಿದರೆ ಅವನು ಯಾವುದೋ ನಿಲ್ದಾಣದಿಂದ ಎಂಟು ಸಾವಿರ ಕಳಿಸಬಲ್ಲೆ ಎಂದ. ಬ್ಯಾಂಕಿನಲ್ಲಿ ಸಾಲಕ್ಕೆ ವಾರ ಬೇಕು. ಬೆಳಿಗ್ಗೆ ಧಣಿಯ ಬಳಿಗೇ ಹೋಗಿ, ಕೊಟ್ಟ ಹಣವನ್ನು ಮತ್ತೆ ಕೇಳುವುದೊಂದೇ ದಾರಿ ಎಂದು ತೀರ್ಮಾನವಾಯಿತು. ಮೂವತ್ತಮೂರು ದಿನ ಮೊದಲೇ ಕೊಟ್ಟು, ಮಾರನೇ ದಿನ ವಾಪಸು ಕೇಳುವವರನ್ನು ಮಾರುಕಟ್ಟೆ ಏನೆನ್ನುತ್ತದೆ ಎಂಬ ಪ್ರಶ್ನೆಯನ್ನು ಯಾರೂ ಎತ್ತಲಿಲ್ಲ.

ಹೋಗುವ ಪ್ರಮೇಯ ಬರಲಿಲ್ಲ. ಬುಧವಾರ ಬೆಳಿಗ್ಗೆ ಸೊಸೆ ಷಟರ್ ಎತ್ತುವ ಮೊದಲೇ ಧಣಿ ಅಂಗಡಿಯ ಮುಂದೆ ನಿಂತಿದ್ದ. ಎಂಟು ತಿಂಗಳಲ್ಲಿ ಆತ ಒಮ್ಮೆಯೂ ಖುದ್ದಾಗಿ ಬಂದವನಲ್ಲ, ವಸೂಲಿಗೆ ಗುಮಾಸ್ತನನ್ನು ಕಳಿಸುತ್ತಿದ್ದ. ಭಾರಿ ಆಳು. ಕಂಕುಳಲ್ಲಿ ಸೀಮೆಸುಣ್ಣದ ಒಂದು ಪೆಟ್ಟಿಗೆ, ಉಡುಗೊರೆ. ಕಣ್ಣು ಕೆಂಪಗಾಗಿದ್ದವು. ಸೊಸೆಯ ಹಿಂದೆ ನಗದಪ್ಪ, ಅವನ ಹಿಂದೆ ಟೀ ಫ್ಲಾಸ್ಕು ಹಿಡಿದ ಅತ್ತೆ.

"ತಾಯಿ," ಎಂದ ಧಣಿ, "ನಮ್ಮಿಂದ ಏನು ತಪ್ಪಾಯ್ತು ಅಂತ ಒಂದು ಮಾತು ಹೇಳಿಬಿಡಿ."

ಸೊಸೆಗೆ ಅರ್ಥವಾಗಲು ಷಟರ್ ಅರ್ಧ ಮೇಲೇರುವಷ್ಟು ಹೊತ್ತು ಹಿಡಿಯಿತು. ಆ ಮಾರುಕಟ್ಟೆಯಲ್ಲಿ ಉದ್ರಿ ಗಿರಾಕಿಗಳು ಗಡುವಿನ ದಿನ ಕೊಡುತ್ತಾರೆ, ಇಲ್ಲವೇ ಗಡುವು ಮುಗಿದು ವಾರಕ್ಕೆ ಕೊಡುತ್ತಾರೆ. ಅದರಲ್ಲೂ ಸ್ವಲ್ಪ ಬಾಕಿ ಉಳಿಸಿಯೇ ಕೊಡುತ್ತಾರೆ, ಮುಂದಿನ ಸಾಮಾನಿಗೆ ದಾರಿ ತೆರೆದಿರಲಿ ಅಂತ. ಯಾರಾದರೂ ಮೊದಲೇ ಬಂದು, ಪೂರ್ತಿ ಎಣಿಸಿ, ಹಾಳೆಗೆ ಗೆರೆ ಎಳೆಸಿದರೆ ಅದಕ್ಕೆ ಎರಡೇ ಅರ್ಥ. ಅಂಗಡಿ ಮುಚ್ಚುತ್ತಿದ್ದಾರೆ, ಅಥವಾ ಬೇರೆ ಸಗಟು ವ್ಯಾಪಾರಿಯ ಕಡೆ ಹೊರಟಿದ್ದಾರೆ. ನಗದಪ್ಪನಿಗೆ ಇದು ಗೊತ್ತಿರಲಿಲ್ಲ. ನಲವತ್ತಮೂರು ವರ್ಷ ಮಾರುಕಟ್ಟೆಯಲ್ಲಿ ಇದ್ದೂ ಉದ್ರಿಯವರ ನಡಾವಳಿ ಗೊತ್ತಿಲ್ಲದ ಒಬ್ಬನೇ ಮನುಷ್ಯ ಆತ.

ಧಣಿ ಸ್ಟೂಲಿನ ಮೇಲೆ ಕೂತು, ಎದುರುಗಡೆಯ ಸಗಟಿನವರು ಎಷ್ಟು ದಿನ ಕೊಡುತ್ತೇನೆ ಎಂದಿದ್ದಾರೆ ಎಂದು ಕೇಳಿದ. ಸೊಸೆ ಉತ್ತರ ಕೊಡದೆ ಕಪಾಟಿನ ಧೂಳು ಒರೆಸಿದಳು. ಐವತ್ತು ದಿನವೇ ಎಂದು ಕೇಳಿದ ಧಣಿ. ಅವಳು ಇನ್ನೊಂದು ಗೂಡು ಒರೆಸಿದಳು. ಅರವತ್ತು ತಾನೂ ಕೊಡಬಲ್ಲೆ ಎಂದ. ಈ ಅಂಗಡಿಯ ಹಾಳೆಯನ್ನು ತೋರಿಸಿಯೇ ತಾನು ದಾರದ ಗಿರಣಿಯಿಂದ ತೊಂಬತ್ತು ದಿನದ ಉದ್ರಿ ತರುತ್ತೇನೆ, ಅದರಲ್ಲಿ ಕೆಂಪು ಗೆರೆ ಕಂಡರೆ ಗಿರಣಿಯವರು ತನ್ನನ್ನು ಏನೆಂದುಕೊಳ್ಳುತ್ತಾರೆ ಎಂದ. ಸೊಸೆಗೆ ನಗು ಹೊಟ್ಟೆಯಿಂದ ಗಂಟಲಿಗೆ ಬಂದಿತ್ತು. ಅದನ್ನು ತಡೆಯಲು ಏಣಿ ಹತ್ತಿ, ಸೂರಿನ ಹತ್ತಿರದ ಜಿಪ್ಪುಗಳನ್ನು ಬಣ್ಣದ ಪ್ರಕಾರ ಜೋಡಿಸತೊಡಗಿದಳು. ಅಲ್ಲಿಂದಲೇ, ಅರವತ್ತು ದಿನ ಕೊಡುವುದಾದರೆ ಇವತ್ತೇ ಒಂದು ಆರ್ಡರು ಇದೆ ಎಂದಳು. ಗುಂಡಿ ಕಾರ್ಖಾನೆಯಿಂದ ಧಣಿಯೇ ನಗದು ಕೊಟ್ಟು ಸಾಮಾನು ಎತ್ತಬೇಕು, ತನಗೆ ಉದ್ರಿಗೆ ಕೊಡಬೇಕು. ಒಂದು ಲಕ್ಷ ಒಂದು ಸಾವಿರ. ನಿನ್ನೆ ಬಂದ ತೊಂಬತ್ತಾರು ಸಾವಿರ ಇನ್ನೂ ಗಲ್ಲಾಪೆಟ್ಟಿಗೆಯಲ್ಲೇ ಇದೆ ಎಂದ ಧಣಿ, ಲಗುಬಗೆಯಿಂದ ಪೆನ್ನು ತೆಗೆದ.

ಅಷ್ಟರಲ್ಲಿ ನಗದಪ್ಪ ಕೆಮ್ಮಿದ.

ಅತ್ತೆ ಅವನ ಅಂಗಿಯ ತುದಿ ಹಿಡಿದು ಎಳೆದಳು. ಅಂಗಿ ಬಂತು, ನಗದಪ್ಪ ಬರಲಿಲ್ಲ.

"ಯಾರೂ ನಮ್ಮನ್ನ ಕರೆದಿಲ್ಲ ಧಣಿ," ಎಂದ. "ಅಂಗಡೀನೂ ಮುಚ್ಚಲ್ಲ. ಸಾಲ ಇದೆ ಅಂತ ನನಗೆ ತಡ್ಕೊಳ್ಳೋಕಾಗಲಿಲ್ಲ. ಸೊಸೆಗೆ ಹೇಳದೆ ತಂದುಕೊಟ್ಟೆ. ಅಷ್ಟೇ ಆಗಿದ್ದು."

ಏಣಿಯ ಮೇಲೆ ಸೊಸೆ ಕಣ್ಣು ಮುಚ್ಚಿಕೊಂಡಳು. ಧಣಿ ಪೆನ್ನಿಗೆ ಮುಚ್ಚಳ ಹಾಕಿದ. ಹೆದರಿಕೆ ಇಳಿದ ಮುಖದಲ್ಲಿ ಬೇರೆ ಏನೋ ಏರಿತು. ಆತ ವ್ಯಾಪಾರಿ. ಗಿರಾಕಿ ಎಲ್ಲಿಗೂ ಹೋಗುತ್ತಿಲ್ಲ ಎಂದಾದ ಮೇಲೆ ಅರವತ್ತು ದಿನ ಯಾಕೆ ಕೊಡಬೇಕು, ಕಾರ್ಖಾನೆಗೆ ಯಾಕೆ ಓಡಬೇಕು? ಆತ ಸೀಮೆಸುಣ್ಣದ ಪೆಟ್ಟಿಗೆಯ ಕಡೆಗೂ ನೋಡಿದ್ದನ್ನು ಅತ್ತೆ ಕಂಡಳು. ತಕ್ಷಣ ಅದನ್ನು ಎತ್ತಿ ಕಪಾಟಿನೊಳಗೆ ಇಟ್ಟು, ಆತನಿಗೆ ಟೀ ಕೊಟ್ಟಳು.

ಸೊಸೆ ಇಳಿದು ಬಂದಳು. ಇನ್ನು ಮುಚ್ಚಿಡುವುದೇನೂ ಉಳಿದಿರಲಿಲ್ಲ. ತನ್ನ ಪುಸ್ತಕವನ್ನೇ ಧಣಿಯ ಮುಂದೆ ತೆರೆದಿಟ್ಟಳು. ಎಂಟು ತಿಂಗಳ ಮಾರಾಟ, ಯಾವ ಸಾಮಾನು ಎಷ್ಟು ದಿನಕ್ಕೆ ಖಾಲಿಯಾಯಿತು, ದರ್ಜಿ ಅಕ್ಕನ ಆರ್ಡರು, ಶನಿವಾರ, ಮೊಬೈಲಿನವನು, ಒಂದನೇ ತಾರೀಕು. ಅಂಗಡಿ ಹೋದರೆ ಧಣಿಗೆ ತಿಂಗಳಿಗೆ ಒಂದು ಲಕ್ಷದ ಹತ್ತಿರದ ಗಿರಾಕಿ ಹೋಗುತ್ತದೆ, ಅದೂ ಎದುರುಗಡೆಯವರ ಕರಾಮತ್ತಿನಿಂದಲ್ಲ, ಧಣಿಯೇ ಕೈಬಿಟ್ಟದ್ದರಿಂದ ಎಂದಳು. ಧಣಿ ಟೀ ಕುಡಿಯುತ್ತ ಓದಿದ, ಹಾಳೆ ತಿರುವಿದ, ಮತ್ತೆ ಓದಿದ. ಆಮೇಲೆ ಪುಸ್ತಕ ಮುಚ್ಚಿ ನಗದಪ್ಪನ ಕಡೆ ತಿರುಗಿದ.

"ಇಪ್ಪತ್ತಾರು ಅಂಗಡಿಗೆ ಉದ್ರಿ ಕೊಟ್ಟಿದೀನಿ ಯಜಮಾನರೇ. ಇಪ್ಪತ್ತೈದು ಜನ ಹಾಯಾಗಿ ನಿದ್ದೆ ಮಾಡ್ತಾರೆ, ಅವರ ಪರವಾಗಿ ನಾನು ಎದ್ದಿರ್ತೀನಿ. ಸಾಲ ಇದೆ ಅಂತ ತಾನೇ ನಿದ್ದೆ ಬಿಟ್ಟು, ಗಲ್ಲಿ ಸುತ್ತಿ ಹೋಗೋ ಮನುಷ್ಯ ಒಬ್ರೇ. ಅರವತ್ತು ದಿನ ಕೊಡ್ತೀನಿ, ಕಾರ್ಖಾನೆಗೂ ಹೋಗ್ತೀನಿ, ಓಡಾಟಕ್ಕೆ ನೂರಕ್ಕೆ ಎರಡು ತಗೋತೀನಿ. ಆದ್ರೆ ಸಹಿ ಸೊಸೇದಲ್ಲ. ನಿಮ್ದು ಬೇಕು."

ಎಂಟು ತಿಂಗಳ ಉದ್ರಿಯೆಲ್ಲ ಸೊಸೆಯ ಸಹಿಯಲ್ಲಿ ನಡೆದಿತ್ತು. ಬೋರ್ಡಿನಲ್ಲಿ ತನ್ನ ಅಂಗಡಿ, ಆದರೆ ಕೈ ತನ್ನದಲ್ಲ ಎಂಬ ಒಂದೇ ಒಂದು ಸಮಾಧಾನ ನಗದಪ್ಪನಿಗೆ ಉಳಿದಿತ್ತು. ಆತ ಸೊಸೆಯ ಮುಖ ನೋಡಿದ. ಅವಳು ಹಾಕಿ ಎನ್ನಲಿಲ್ಲ, ಬೇಡ ಎನ್ನಲೂ ಇಲ್ಲ. ಎಂಟು ತಿಂಗಳು ಏಣಿ ಹತ್ತಿ ಇಳಿದ ಕಾಲಿನ ಚಪ್ಪಲಿ ಒಂದು ಕಡೆ ಪೂರ್ತಿ ಸವೆದಿತ್ತು, ಅದು ಆತನಿಗೆ ಕಂಡಿತು. ಆತ ಕೇಳಿದ್ದು ಒಂದೇ ಪ್ರಶ್ನೆ.

"ಸಹಿ ಹಾಕದಿದ್ರೆ?"

"ಹದಿನೆಂಟು ಸಾವಿರ ಕಮ್ಮಿ ಬೀಳುತ್ತೆ ಮಾವ. ಬೀಗದ ಕೈ ಮೊಬೈಲಿನವರಿಗೆ."

ನಗದಪ್ಪ ಪೆನ್ನು ತೆಗೆದುಕೊಂಡ. ಉದ್ರಿ ಚೀಟಿಯ ಮೇಲಿನ ಹನ್ನೊಂದು ಸಾಲನ್ನೂ ಬೆರಳಿಟ್ಟು ಓದಿದ. ಒಂದು ಲಕ್ಷ ಮೂರು ಸಾವಿರದ ಇಪ್ಪತ್ತು. ಅರವತ್ತು ದಿನ ಎಂದರೆ ಇವತ್ತನ್ನು ಸೇರಿಸಿಯೋ ಬಿಟ್ಟೋ ಎಂದು ಕೇಳಿದ. ಬಿಟ್ಟು. ಮೂವತ್ತನೇ ದಿನಕ್ಕೆ ತಂದುಕೊಟ್ಟರೆ ತಪ್ಪೇನಾದರೂ ಇದೆಯೇ ಎಂದು ಕೇಳಿದ. ಹಣ ತನ್ನಿ, ಗೆರೆ ಮಾತ್ರ ಎಳೆಸಬೇಡಿ ಎಂದ ಧಣಿ. ಕೊನೆಗೆ ಪೆನ್ನು ಕಾಗದಕ್ಕೆ ತಾಗಿತು. ಸಹಿ ಮುಗಿದ ಮೇಲೆ ನಗದಪ್ಪ ಏನಾದರೂ ಆಗುತ್ತದೆ ಎಂದು ಕಾದ. ಫ್ಯಾನು ತಿರುಗುತ್ತಲೇ ಇತ್ತು. ದರ್ಜಿಯೊಬ್ಬಳು ಬಂದು ಎರಡು ಗಜ ಎಲಾಸ್ಟಿಕ್ ಕೇಳಿದಳು. ನಗದಪ್ಪ ಎದ್ದು ಅಳೆದು ಕೊಟ್ಟ. ಗಾಬರಿಯಲ್ಲಿ ಮೂರು ಗಜ ಕೊಟ್ಟ.

ಗುರುವಾರ ಸಂಜೆ ಕಾರ್ಖಾನೆಯ ವ್ಯಾನು ನೇರವಾಗಿ ದರ್ಜಿ ಅಕ್ಕನ ಷೆಡ್ಡಿಗೆ ಬಂತು. ಇಪ್ಪತ್ತನಾಲ್ಕು ಸಾವಿರ ಗುಂಡಿಗಳನ್ನು ಯಾರೂ ಎಣಿಸುವುದಿಲ್ಲ. ನೂರು ಎಣಿಸಿ ತಕ್ಕಡಿಗೆ ಹಾಕಿ, ಉಳಿದದ್ದನ್ನು ತೂಗುತ್ತಾರೆ. ಸಹಿ ತನ್ನದು, ಎಣಿಸಿಯೇ ಒಪ್ಪಿಸುತ್ತೇನೆ ಎಂದು ನಗದಪ್ಪ ಹಟ ಹಿಡಿದ. ನೀಲಿ ಚೀಲ ಬಿಚ್ಚುವಾಗ ಅದು ಕೈಜಾರಿತು, ಆರು ಸಾವಿರ ಗುಂಡಿ ಸಿಮೆಂಟ್ ನೆಲದ ಮೇಲೆ ಓಡಿದವು. ಹದಿನಾಲ್ಕು ದರ್ಜಿಗಳು, ಸೊಸೆ, ಅತ್ತೆ ಮತ್ತು ಎಪ್ಪತ್ತೊಂದು ವರ್ಷದ ಸಾಲಗಾರ ಹೊಲಿಗೆ ಯಂತ್ರಗಳ ಕೆಳಗೆ ತೆವಳಿದರು. ದರ್ಜಿ ಅಕ್ಕ ನಕ್ಕು ನಕ್ಕು ಯಂತ್ರಕ್ಕೆ ಒರಗಿ ಕೂತಳು. "ಯಜಮಾನ್ರೇ, ಒಂದು ಕಮ್ಮಿ ಬಂದ್ರೂ ಬಿಡಲ್ಲ ನಾನು," ಎಂದಳು. ತೂಗಿದಾಗ ಏಳು ಹೆಚ್ಚಿದ್ದವು. ಯಂತ್ರದ ಕೆಳಗೆ ಮೊದಲೇ ಬಿದ್ದಿದ್ದ ಹಳೆಯ ಗುಂಡಿಗಳೂ ಸೇರಿದ್ದವು.

ದರ್ಜಿ ಅಕ್ಕ ಒಂದು ಲಕ್ಷ ಇಪ್ಪತ್ತೈದು ಸಾವಿರ ಅಲ್ಲೇ ಎಣಿಸಿ ಕೊಟ್ಟಳು. ನಗದಪ್ಪ ಧಣಿಯ ಗೋದಾಮು ಎಷ್ಟು ಹೊತ್ತಿನವರೆಗೆ ತೆರೆದಿರುತ್ತದೆ ಎಂದು ಯಾರಿಗೂ ಕೇಳದ ಹಾಗೆ ಕೇಳಿದ. ಸೊಸೆ ಅದೇ ಸಂಜೆ ಕಬ್ಬಿಣದ ಕಪಾಟಿನ ಬೀಗದ ಕೈಯನ್ನು ಅತ್ತೆಗೆ ಕೊಟ್ಟಳು. ಅತ್ತೆ ಅದನ್ನು ಎಲ್ಲಿಟ್ಟಳು ಎಂಬುದು ಇಂದಿಗೂ ಯಾರಿಗೂ ಗೊತ್ತಿಲ್ಲ, ಮುಲಾಮಿನ ಡಬ್ಬಿಯನ್ನು ಮಾತ್ರ ಹೊರಗೆ ತೆಗೆದಿಟ್ಟಳು.

ತಿಂಗಳ ಕೊನೆಯ ದಿನ ಊಟದ ತಟ್ಟೆಗಳ ನಡುವೆ ಪುಸ್ತಕ ತೆರೆಯಿತು. ಹನ್ನೊಂದು ತಿಂಗಳ ಒಂದು ಲಕ್ಷ ನಲವತ್ತೇಳು ಸಾವಿರ. ಕೊನೆಯ ತಿಂಗಳ ಮಾಮೂಲಿ ವ್ಯಾಪಾರದಿಂದ ಹದಿನೈದು ಸಾವಿರದ ನೂರ ಹತ್ತು. ಸಮವಸ್ತ್ರದ ಆರ್ಡರಿನಿಂದ ಇಪ್ಪತ್ತನಾಲ್ಕು ಸಾವಿರ. ಅದರಲ್ಲಿ ಧಣಿಯ ಓಡಾಟಕ್ಕೆ ಎರಡು ಸಾವಿರದ ಇಪ್ಪತ್ತು ಹೋಯಿತು. ಇಲ್ಲಿ ನಗದಪ್ಪ ಕೈಯೆತ್ತಿದ. ಮೊದಲೇ ಕೊಟ್ಟದ್ದಕ್ಕೆ ತಾನು ಬಿಡಿಸಿಕೊಂಡು ಬಂದ ಸಾವಿರದ ಒಂಬೈನೂರ ಅರವತ್ತೆಂಟು ಎಲ್ಲಿ ಹೋಯಿತು ಎಂದು ಕೇಳಿದ. ಸೊಸೆ ಅದನ್ನೂ ಬರೆದಳು. ಹಾಗಾದರೆ ತನ್ನಿಂದಾದ ನಷ್ಟ ಐವತ್ತೆರಡು ಮಾತ್ರ ಎಂದ ನಗದಪ್ಪ. ಮತ್ತೆ ಆರು ಟೀ ಎಂದಳು ಅತ್ತೆ. ಏಳು ಎಂದ ನಗದಪ್ಪ, ಒಬ್ಬನಿಗೆ ಎರಡು. ಒಟ್ಟು ಒಂದು ಲಕ್ಷ ಎಂಬತ್ತಾರು ಸಾವಿರದ ಐವತ್ತೆಂಟು. ಟೀ ಖರ್ಚನ್ನು ಅಂಗಡಿಯ ಲೆಕ್ಕಕ್ಕೆ ಸೇರಿಸಲು ಸೊಸೆ ಒಪ್ಪಲಿಲ್ಲ.

ಒಂದನೇ ತಾರೀಕು ಹತ್ತು ಗಂಟೆಗೆ ಮೊಬೈಲಿನವನು ಅಳತೆಯ ಟೇಪು ಹಿಡಿದುಕೊಂಡೇ ಬಂದ. ಸೊಸೆ ಏಣಿಯ ಮೇಲಿದ್ದಳು. ಅವಳು ಪುಸ್ತಕ ತೋರಿಸಲು ಇಳಿಯುವ ಮೊದಲೇ ಗಲ್ಲಾದ ಮುಂದೆ ಕೂತಿದ್ದ ನಗದಪ್ಪ ಎದ್ದು ನಿಂತ. ಬಿಳಿ ಅಂಗಿ ತೊಟ್ಟಿದ್ದ.

"ಇಲ್ಲಪ್ಪ," ಎಂದ. "ಅಂಗಡಿ ಬಿಟ್ಟುಕೊಡೋಕಾಗಲ್ಲ. ನನ್ನ ಹೆಸರಲ್ಲಿ ಸಾಲ ಇದೆ."

ಮೊಬೈಲಿನವನು ಪಾಪ ಎಂಬಂತೆ ಎಷ್ಟು ಎಂದು ಕೇಳಿ ದನಿ ತಗ್ಗಿಸಿದ.

"ಒಂದು ಲಕ್ಷ ಮೂರು ಸಾವಿರದ ಇಪ್ಪತ್ತು," ಎಂದ ನಗದಪ್ಪ, ಬೀದಿಯವರಿಗೂ ಕೇಳುವ ಹಾಗೆ. "ನಲವತ್ತೆರಡು ದಿನ ಬಾಕಿ ಇದೆ. ಕೂತ್ಕೊಳಿ, ಟೀ ತರಿಸ್ತೀನಿ."